ಎಳನೀರಿಗೆ ಅರ್ಪಿಸಿದ ವಂದನೆ

ವೇದಿಕೆ ಹತ್ತಿ ನಾಲ್ಕು ಜನರಿಗೆ ವಂದನೆ ಹೇಳುವುದೂ ಒಂದು ಕೆಲಸವೇ ಎಂದು ನಾನು ತಿಳಿದಿದ್ದ ಕಾಲವೊಂದಿತ್ತು. ಆಗ ನನಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಧೈರ್ಯ ಮಾತ್ರ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಬಂದಿತ್ತು! ಅರವತ್ತರ ದಶಕದ ಮೊದಲ ವರ್ಷಗಳು. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯವನಾದ ನಾನು ಹಾಸನದ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದೆ. ಓದುತ್ತಿದ್ದೇನೆಂದು ಅಪ್ಪ ನಂಬಿದ್ದರು. ನಾನು ನಿಜವಾಗಿ ಮಾಡುತ್ತಿದ್ದದ್ದು ಪತ್ರಿಕಾ ವ್ಯವಸಾಯ.

ನಮ್ಮ ಪತ್ರಿಕೆಯ ಹೆಸರು ‘ಹೆಬ್ಬಾಗಿಲು’. ಹೆಸರು ಕೇಳಿ ಯಾರೂ ದೊಡ್ಡ ಅಚ್ಚುಕೂಟವನ್ನು ಊಹಿಸಿಕೊಳ್ಳಬಾರದು. ಅದು ಕೈಬರಹದ ಗೋಡೆ ಪತ್ರಿಕೆ. ನಾನೂ ಅರಕಲಗೂಡಿನ ನನ್ನ ಗೆಳೆಯ ಶಿವಣ್ಣನೂ ಅದರ ಸಂಪಾದಕರು, ವರದಿಗಾರರು, ಅಂಟಿಸುವವರು, ಬಹಳಷ್ಟು ವಾರ ಅದರ ಓದುಗರೂ ನಾವೇ. ಕಾಲೇಜಿನ ಗೋಡೆಗೆ ಗಂಜಿ ಬಳಿಯಕೂಡದೆಂದು ಪ್ರಿನ್ಸಿಪಾಲರ ಕಟ್ಟಪ್ಪಣೆಯಾದ್ದರಿಂದ, ಹಾಸ್ಟೆಲಿನ ಬಚ್ಚಲಿನಿಂದ ಕಳಚಿ ಮೂಲೆಗೆ ಹಾಕಿದ್ದ ಹಳೆಯ ಬಾಗಿಲೊಂದನ್ನು ತಂದು ಗೋಡೆಗೆ ಒರಗಿಸಿ, ಪತ್ರಿಕೆಯನ್ನು ಅದರ ಮೇಲೆ ಅಂಟಿಸುತ್ತಿದ್ದೆವು. ಅಂಟಿಗೆ ಮೈದಾ ಗಂಜಿ. ಹಳೆಯ ಸಂಚಿಕೆಯನ್ನು ಕೀಳಲು ಆಗುತ್ತಿರಲಿಲ್ಲ, ಹಾಗಾಗಿ ಅದರ ಮೇಲೆಯೇ ಹೊಸದು. ಈ ಕಥೆ ನಡೆಯುವ ಹೊತ್ತಿಗೆ ಬಾಗಿಲು ಹಾಸಿಗೆಯಷ್ಟು ದಪ್ಪವಾಗಿತ್ತು. ಅದರ ಮುಂದೆ ನಿಂತು ನನ್ನ ಹೆಸರನ್ನು ನಾನೇ ಓದಿಕೊಳ್ಳುವಾಗ ಆಗುತ್ತಿದ್ದ ಸಂತೋಷವನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ಇನ್ನು ನನ್ನ ಅಕ್ಕನ ವಿಷಯ ಹೇಳಬೇಕು. ಏಕೆಂದರೆ ಈ ಕಥೆಯಲ್ಲಿ ಪೆಟ್ಟು ಬೀಳಬೇಕಾಗಿದ್ದದ್ದು ಅವಳಿಗೆ.

ಜಯಕ್ಕ ನನಗಿಂತ ದೊಡ್ಡವಳು. ಮಿಡಲ್ ಸ್ಕೂಲು ಮುಗಿಸಿ ಮನೆಯಲ್ಲಿದ್ದಳು. ಸಾಮಾನು ಕಟ್ಟಿಕೊಂಡು ಬಂದ ಕಾಗದದ ಚೂರನ್ನೂ ಬಿಡದೆ ಓದುವ ಹುಚ್ಚು ಅವಳಿಗೆ. ಬಂದ ಎರಡು ಸಂಬಂಧಗಳು ಮುರಿದುಬಿದ್ದಿದ್ದವು. ಮೂರನೆಯದು ಚನ್ನರಾಯಪಟ್ಟಣದ ಪಕ್ಕದ ಹಳ್ಳಿಯದು. ಹುಡುಗ ಕೃಷ್ಣೇಗೌಡ, ಪ್ರೈಮರಿ ಸ್ಕೂಲಿನ ಮೇಷ್ಟ್ರು. ಹೆಣ್ಣು ನೋಡಲು ಬಂದು ಹೋದ ಮೇಲೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ಹೇಳಿದ್ದಳು.

“ಮಿಕ್ಕೋರೆಲ್ಲ ಮುದ್ದೆ ತಿರುವಾಕೆ ಬತ್ತದಾ ಅಂತ ಕೇಳಿದ್ರು ಕಣ್ಲಾ. ಇವ್ರೊಬ್ರೇಯ, ಏನೇನ್ ಓದಿದ್ದೀಯ ಅಂತ ಕೇಳಿದ್ದು.”

ಹೇಳುವಾಗ ಅವಳ ಮುಖ ನೋಡಬೇಕಿತ್ತು. ಅಂಥ ಬೆಳಕನ್ನು ನಾನು ಅವಳ ಮುಖದಲ್ಲಿ ಮೊದಲು ಕಂಡಿರಲಿಲ್ಲ.

ಹುಡುಗನಿಗೆ ತಂದೆ ಇರಲಿಲ್ಲ. ಸಾಕಿ ಓದಿಸಿದವರು ದೊಡ್ಡಪ್ಪ, ಪಟೇಲ್ ಬೋರೇಗೌಡರು. ಅವರು ಹೂಂ ಅಂದರೆ ಮದುವೆ, ಉಹೂಂ ಅಂದರೆ ಇಲ್ಲ. ಹುಡುಗಿಯನ್ನು ಒಪ್ಪಿದ್ದರು. ವೀಳ್ಯಶಾಸ್ತ್ರಕ್ಕೆ ದಿನ ಗೊತ್ತುಮಾಡುವುದೊಂದೇ ಬಾಕಿ ಇತ್ತು.

ಹೀಗಿರುವಾಗ ಹಾಸನದಲ್ಲಿ ವಿದ್ಯಾರ್ಥಿ ಪತ್ರಕರ್ತರ ಸಮ್ಮೇಳನವೊಂದು ಏರ್ಪಾಡಾಯಿತು. ಮೈಸೂರಿನಿಂದ ಸಂಪಾದಕರೊಬ್ಬರು ಬಂದು ಭಾಷಣ ಮಾಡುವವರಿದ್ದರು. ನಾನೂ ಶಿವಣ್ಣನೂ ‘ಹೆಬ್ಬಾಗಿಲು’ ಪತ್ರಿಕೆಯ ಪ್ರತಿನಿಧಿಗಳಾಗಿ ಹೆಸರು ಕೊಟ್ಟೆವು. ಅದೇ ವಾರ ಸಂತೆಗೆ ಬಂದ ಅಪ್ಪ ಹಾಸ್ಟೆಲಿಗೆ ಬಂದು ಹೇಳಿದರು.

“ಲೇ ರಂಗ, ಪಟೇಲ್ರು ಭಾನುವಾರ ವಕೀಲ್ರನ್ನ ಕಾಣಾಕೆ ಆಸನಕ್ಕೆ ಬತ್ತಾವ್ರೆ. ಬಸ್‌ಸ್ಟ್ಯಾಂಡ್‌ತಾವ ಓಗಿ ಕಂಡು, ಕಾಫಿ ಕುಡ್ಸಿ, ವಕೀಲ್ರ ಮನೆ ತೋರ್ಸಿ, ತಿರ್ಗ ಬಸ್ ಅತ್ಸು. ಅಷ್ಟೇಯ. ಮಾತು ಕಮ್ಮಿ ಆಡು.”

“ಭಾನುವಾರ ನಮ್ಮ ಸಮ್ಮೇಳನ ಅಲ್ವಾ ಅಪ್ಪ?”

“ಅದೇನ್ ಮೇಳನೋ ನಂಗೆ ಗೊತ್ತಿಲ್ಲ. ನಿಮ್ಮಕ್ಕನ್ ಬಾಳು ಕಣ್ಲಾ ಇದು.”

ಎರಡನ್ನೂ ಒಟ್ಟಿಗೆ ತೂಗಿಸುವ ಶಕ್ತಿ ನನಗಿದೆ ಎಂದು ನಾನು ನಂಬಿದ್ದೆ.

ಭಾನುವಾರ ಬೆಳಿಗ್ಗೆ ಬಸ್ಸಿನಿಂದ ಇಳಿದ ಪಟೇಲರನ್ನು ದೂರದಿಂದಲೇ ಗುರುತು ಹಿಡಿದೆ. ಕಚ್ಚೆಪಂಚೆ, ಕರಿ ಕೋಟು, ತಲೆಗೆ ರುಮಾಲು, ಹೆಗಲ ಮೇಲೆ ದೊಡ್ಡ ಟವೆಲ್ಲು. ಬಸ್ಸಿನ ಟಾಪಿನಿಂದ ಒಂದು ಗೋಣಿಚೀಲ ಇಳಿಯಿತು. ವಕೀಲರಿಗೆಂದು ತಂದ ಎಳನೀರು, ಜೊತೆಗೆ ಕೆತ್ತಲು ಒಂದು ಮಚ್ಚು. ನಾನು ಗೋಣಿಚೀಲ ಹೊತ್ತುಕೊಂಡು ವಕೀಲರ ಮನೆಗೆ ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಅವರು ನೆಂಟರ ಮನೆಗೆ ಹೋಗಿದ್ದಾರೆಂದೂ ಸಂಜೆಯ ಹೊತ್ತಿಗೆ ಬರಬಹುದೆಂದೂ ಹೇಳಿದಳು.

“ಸಂಜೆಗಂಟ ಏನ್ ಮಾಡಾನ್ಲಾ?” ಎಂದರು ಪಟೇಲರು.

ನಾನು ಕಾಯುತ್ತಿದ್ದ ಗಳಿಗೆ ಅದೇ! ಸಮ್ಮೇಳನಕ್ಕೆ ಬರಬೇಕೆಂದು ಕೈಮುಗಿದು ಕೇಳಿಕೊಂಡೆ. ಬೀಗರಾಗುವವರು ನನ್ನ ಘನತೆಯನ್ನು ಕಣ್ಣಾರೆ ಕಂಡುಹೋದರೆ ಅಕ್ಕನಿಗೂ ಒಂದು ತೂಕ ಅಲ್ಲವೇ? ಪಟೇಲರು ಬಂದರು. ಮುಂದಿನ ಸಾಲಿನಲ್ಲಿ, ಪ್ರಿನ್ಸಿಪಾಲರ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಗೋಣಿಚೀಲವನ್ನು ಅವರ ಕಾಲ ಬಳಿಯೇ ಇಟ್ಟೆ.

ಮೈಸೂರಿನ ಸಂಪಾದಕರು ಒಳ್ಳೆಯ ಮಾತುಗಾರರು. ಒಳ್ಳೆಯ ಮಾತುಗಾರರಿಗೆ ಇರುವ ತೊಂದರೆಯೂ ಅವರಿಗಿತ್ತು. ನಿಲ್ಲಿಸುತ್ತಿರಲಿಲ್ಲ. ಸುದ್ದಿ ಎಂದರೇನು, ಸುಳ್ಳು ಎಂದರೇನು, ಎರಡರ ನಡುವೆ ಬದುಕುವ ಪತ್ರಕರ್ತ ಎಂದರೇನು ಎಂದೆಲ್ಲ ವಿವರಿಸಿದರು. ನಾನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆ. ಒಂದು ಮಾತಂತೂ ನನ್ನ ಎದೆಯಲ್ಲಿ ಕೂತುಬಿಟ್ಟಿತು. “ಪತ್ರಿಕೆಯಲ್ಲಿ ತಪ್ಪಾದರೆ, ಎಲ್ಲಿ ತಪ್ಪಾಯಿತೋ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಪ್ರಕಟಿಸಬೇಕು. ಮುಚ್ಚಿಡಬಾರದು. ಅದು ಪತ್ರಿಕಾಧರ್ಮ!” ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಹೊಡೆದವನು ನಾನೇ.

ಬಿಸಿಲೇರಿತು. ಸಂಪಾದಕರ ಗಂಟಲು ಕಟ್ಟಿತು. ಸೋಡಾ ತರಲು ಹೇಳಿದ್ದವನು ಬಂದೇ ಇರಲಿಲ್ಲ. ಹೂಜಿಯಲ್ಲಿ ನೀರಿರಲಿಲ್ಲ, ನೀರು ತರಲು ಹೋದವರು ವಾಪಸಾಗಿರಲಿಲ್ಲ. ಅತಿಥಿಗಳು ಮೈಕಿನ ಮುಂದೆ ಕೆಮ್ಮತೊಡಗಿದರು, ಆ ಕೆಮ್ಮು ಹೊರಗೆ ಮರಕ್ಕೆ ಕಟ್ಟಿದ್ದ ಸ್ಪೀಕರಿನಿಂದ ಬೀದಿಗೆಲ್ಲ ಕೇಳತೊಡಗಿತು. ಸಂಘಟಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಪಟೇಲ್ ಬೋರೇಗೌಡರು ಎದ್ದರು. ಒಂದು ಮಾತೂ ಆಡದೆ ಗೋಣಿಚೀಲವನ್ನು ಮೆಟ್ಟಿಲಿಗೆ ಎಳೆದುಕೊಂಡು ಹೋಗಿ, ಕೋಟಿನ ತೋಳು ಮಡಿಸಿ, ಕಚಕಚನೆ ಎಳನೀರು ಕೆತ್ತತೊಡಗಿದರು. ಮೊದಲನೆಯದನ್ನು ತಾವೇ ಒಯ್ದು ಸಂಪಾದಕರ ಕೈಗೆ ಕೊಟ್ಟರು. ವೇದಿಕೆಯ ಮೇಲಿದ್ದವರಿಗೆಲ್ಲ ಬಂತು, ಮುಂದಿನ ಸಾಲಿಗೂ ಬಂತು. ಎಳನೀರು ಕುಡಿದ ಸಂಪಾದಕರಿಗೆ ಮರುಜೀವ ಬಂದು, ಇನ್ನೂ ಒಂದು ಗಂಟೆ ಮಾತಾಡಿದರು. ಇದಕ್ಕಾಗಿ ಹಿಂದಿನ ಸಾಲಿನವರು ಪಟೇಲರನ್ನು ಕ್ಷಮಿಸಿದರೋ ಇಲ್ಲವೋ ನಾನು ವಿಚಾರಿಸಲಿಲ್ಲ.

ವಂದನಾರ್ಪಣೆ ಶಿವಣ್ಣನ ಪಾಲಿಗೆ ಬಂದಿತ್ತು. ಆದರೆ ಮೈಕನ್ನು ಹತ್ತಿರದಿಂದ ನೋಡಿದೊಡನೆ ಅವನು ಚೀಟಿ ತೆಗೆದು ನನ್ನತ್ತ ಚಾಚಿದ.

“ನನ್ ಕೈಲಿ ಆಗಕಿಲ್ಲ ಕಣೋ ರಂಗ. ನೀನೇ ಓಗ್ಬುಡು. ತಗ, ಎಸ್ರುಗಳ್ನೆಲ್ಲ ಬರ್ಕಂಡಿವ್ನಿ.”

“ಚೀಟಿ ನೋಡಿಕೊಂಡು ಯಾರಾದರೂ ವಂದನೆ ಹೇಳ್ತಾರೇನೋ? ಅದು ಹೃದಯದಿಂದ ಬರಬೇಕು!” ಎಂದು ನಾನು ಜುಬ್ಬ ಸರಿಮಾಡಿಕೊಂಡು ವೇದಿಕೆ ಹತ್ತಿದೆ.

ಹೃದಯದಿಂದ ಬರತೊಡಗಿತು. ಅಧ್ಯಕ್ಷರಿಗೆ ವಂದಿಸಿದೆ. ಅತಿಥಿಗಳಿಗೆ ವಂದಿಸಿದೆ. ಸಭಾಂಗಣ ಕೊಟ್ಟವರಿಗೆ, ಜಮಖಾನ ಕೊಟ್ಟವರಿಗೆ, ಜಮಖಾನ ಹಾಸಿದವರಿಗೆ, ಇನ್ನು ಸ್ವಲ್ಪ ಹೊತ್ತಿಗೆ ಅದನ್ನು ಮಡಿಸಲಿರುವವರಿಗೆ ವಂದಿಸಿದೆ. ಮೈಕಿನವರಿಗೆ, ಹಾರ ಕಟ್ಟಿದವರಿಗೆ, ಉಪ್ಪಿಟ್ಟು ಒದಗಿಸಿದ ಹೋಟೆಲಿನವರಿಗೆ ವಂದಿಸಿದೆ. ಸಭೆ ಮುಗಿಯುವ ತನಕ ಹೋಗದೆ ಸಹಕರಿಸಿದ ಕರೆಂಟಿಗೂ ವಂದಿಸಿದೆ! ಬಂದವರಿಗೆ, ಬರಬೇಕೆಂದು ಇಚ್ಛೆಯಿದ್ದೂ ಬರಲಾಗದವರಿಗೆ, ಬಂದು ನಡುವೆ ಎದ್ದು ಹೋದವರಿಗೂ ವಂದಿಸಿದೆ. ಜನ ನಗುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ನನಗೆ ರೆಕ್ಕೆ ಬಂದಂತಾಗಿತ್ತು.

ಮುಂದಿನ ಸಾಲಿನಲ್ಲಿ ಪಟೇಲರು ಕೋಟಿನ ಗುಂಡಿ ಹಾಕಿಕೊಂಡು, ಮೀಸೆ ಸವರಿ, ನೆಟ್ಟಗೆ ಕೂತಿದ್ದರು. ನಾನು “ಹಾಗೆಯೇ” ಅಂದಾಗಲೆಲ್ಲ ಅವರು ಒಂದಿಷ್ಟು ಮುಂದೆ ಬಾಗುತ್ತಿದ್ದರು. ಇದನ್ನು ನಾನು ಭಾಷಣದ ಮೇಲಿನ ಅಭಿಮಾನವೆಂದು ತಿಳಿದೆ. ಕೊನೆಗೆ ಕೈ ಮೇಲೆತ್ತಿ ಹೇಳಿದೆ.

“ಹಾಗೆಯೇ, ದಣಿದ ಕಂಠಗಳಿಗೆ ತಂಪೆರೆದ, ಕಲ್ಪವೃಕ್ಷದ ಕೊಡುಗೆಯಾದ ಆ ಎಳನೀರಿಗೆ…”

ಪಟೇಲರು ಕೈಜೋಡಿಸಿಕೊಂಡು ಕುರ್ಚಿಯಿಂದ ಅರ್ಧ ಎದ್ದರು.

“…ಆ ಎಳನೀರಿಗೆ ನನ್ನ ಅನಂತಾನಂತ ವಂದನೆಗಳು! ಇಲ್ಲಿಗೆ ನನ್ನ ಮಾತು ಮುಗಿಸುತ್ತೇನೆ.”

ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ಪಟೇಲರು ಮಾತ್ರ ಅರ್ಧದಲ್ಲೇ ಇದ್ದರು. ಕೂರುವಂತಿಲ್ಲ, ನಿಲ್ಲುವಂತಿಲ್ಲ. ಒಂದು ಕ್ಷಣ ಹಾಗೇ ಇದ್ದು, ಆಮೇಲೆ ಪೂರ್ತಿ ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ಬಸ್‌ಸ್ಟ್ಯಾಂಡಿನಲ್ಲಿ ಓಡಿಹೋಗಿ ಹಿಡಿದೆ. ವಕೀಲರನ್ನು ಕಾಣದೆ ಹೊರಟಿದ್ದರು.

“ಹೇಗಿತ್ತು ಗೌಡ್ರೆ ನನ್ನ ಭಾಷಣ?”

“ಕಾಯಿಗೆ ಏಳ್ದೆ. ಸಂತೋಸ,” ಎಂದರು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಕೇಳಿದರು. “ಅಲ್ಲ ಕಣ್ಲಾ, ಕಾಯೇನು ತಾನೇ ನಡ್ಕಂಡ್ ಬಂತಾ?”

ಪಟೇಲರು ತಮಾಷೆ ಮಾಡುತ್ತಿದ್ದಾರೆಂದು ನಾನು ಗಹಗಹಿಸಿ ನಕ್ಕೆ! ಬಸ್ಸು ಹೊರಟರೂ ನಗುತ್ತಲೇ ಕೈ ಬೀಸಿದೆ. ಆ ನಗುವನ್ನು ನೆನೆದರೆ ಈಗಲೂ ಹೊದಿಕೆ ಮುಖದ ಮೇಲೆ ಎಳೆದುಕೊಳ್ಳುವ ಹಾಗಾಗುತ್ತದೆ.

ಮುಂದಿನ ವಾರ ಊರಿಗೆ ಹೋದೆ. ಸಮ್ಮೇಳನದ ಕಥೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಪ್ಪ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಸಿ ಸೌದೆಯ ಹೊಗೆ ಇರಬೇಕೆಂದುಕೊಂಡೆ.

“ಅದೇನ್ ಏಳ್ದ್ಯೋ ಪಟೇಲ್ರಿಗೆ?” ಎಂದಳು ಅವ್ವ. “ವೀಳ್ಯಕ್ಕೆ ಯಾವತ್ತು ಬತ್ತೀರಿ ಅಂತ ಕೇಳ್ಸಿದ್ರೆ, ಸುಗ್ಗಿ ಕಳೀಲಿ ನೋಡಾನ ಅಂದವ್ರಂತೆ.”

ನಮ್ಮ ಕಡೆ ‘ನೋಡಾನ’ ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತು. ಮೊದಲಿನ ಎರಡು ಸಂಬಂಧಗಳೂ ನೋಡಾನ ಎಂದೇ ಹೋದವು.

“ನಾನು ಅವರಿಗೆ ಏನೂ ಹೇಳಿಲ್ಲವಲ್ಲ ಅವ್ವ!” ಎಂದೆ.

“ಅದೇಯ ತಪ್ಪಾಗಿರಾದು!” ಎಂದು ಅಪ್ಪ ಅಲ್ಲಿಂದಲೇ ಕೂಗಿದರು. “ಊರ್ಗೆಲ್ಲ ಏಳ್ದಂತೆ, ಅವ್ರಿಗೊಂದು ಏಳ್ನಿಲ್ವಂತೆ!”

ಅರ್ಧ ಎದ್ದು ನಿಂತಿದ್ದ ಪಟೇಲರು ಕಣ್ಣಮುಂದೆ ಬಂದರು. ನಿಜ ಹೇಳಬೇಕೆಂದರೆ ನಾನು ಅವರನ್ನು ಮರೆತಿರಲಿಲ್ಲ. ಅವರು ಆಗಲೇ ನಮ್ಮ ಮನೆಯವರಾಗಿಬಿಟ್ಟಿದ್ದಾರೆಂದು ಅಂದುಕೊಂಡಿದ್ದೆ. ಮನೆಯವರಿಗೆ ಯಾರು ವಂದನೆ ಹೇಳುತ್ತಾರೆ? ಹಿತ್ತಲಿನಲ್ಲಿ ಅಕ್ಕ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಓಗ್ಲಿ ಬುಡ್ಲಾ, ನೀನೇನ್ ಬೇಕಂತ ಮಾಡ್ದ್ಯಾ,” ಎಂದು ಅಪ್ಪನ ಪಂಚೆಯನ್ನು ಹಿಂಡಿದ್ದನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದಳು.

ಈ ಮದುವೆಯನ್ನು ನಾನೇ ಉಳಿಸುತ್ತೇನೆಂದು ಅಲ್ಲೇ ಶಪಥ ಮಾಡಿದೆ. ಅಕ್ಕ ಗಾಬರಿಯಾದಳು.

“ನೀನೇನೂ ಮಾಡ್ಬ್ಯಾಡ ಕಣಪ್ಪ, ನಿಂಗೆ ಕೈ ಮುಗೀತೀನಿ!”

ಸಂಬಂಧವನ್ನು ತಂದಿದ್ದವರು ಅರಕಲಗೂಡಿನ ನಮ್ಮ ಸೋದರಮಾವ. ಮಾರನೆಯ ದಿನವೇ ಅಲ್ಲಿಗೆ ಹೋದೆ. ಮಾವ ಹೊಗೆಸೊಪ್ಪು ಮಾರಲು ರಾಮನಾಥಪುರಕ್ಕೆ ಹೋಗಿದ್ದಾರೆ ಎಂದರು. ಇನ್ನೊಂದು ಬಸ್ಸು ಹಿಡಿದು ರಾಮನಾಥಪುರಕ್ಕೆ ಹೋದೆ. ಕಾವೇರಿಯ ಮೆಟ್ಟಿಲ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದ ಮಾವ ಸಿಕ್ಕಿದರು. ಬಿಸಿಲಿನಲ್ಲಿ ಹೊಳೆ ಥಳಥಳ ಹೊಳೆಯುತ್ತಿತ್ತು, ಮೀನುಗಳು ಮೆಟ್ಟಿಲಿನವರೆಗೂ ಬಂದು ಅನ್ನಕ್ಕೆ ಬಾಯಿ ತೆರೆಯುತ್ತಿದ್ದವು. ಸುಮ್ಮನೆ ತಿರುಗಾಡಲು ಬಂದಿದ್ದರೆ ಎಂಥ ಸುಖವಾದ ದಿನ! ನಾನು ತೊಡೆಯ ಮೇಲೆ ಕೈಯಿಟ್ಟುಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಮಾವ ಪೂರ್ತಿ ಕೇಳಿ, ಒಂದು ತುತ್ತು ಮೀನಿಗೆ ಎಸೆದು, ಒಂದೇ ಮಾತು ಹೇಳಿದರು.

“ಪಟೇಲ್ರ ಮನೀಗೋಗು. ಜಗ್ಲಿ ಮ್ಯಾಲೆ ಕೂತ್ಕೊ. ಆಕಿದ್ದ ಉಣ್ಣು. ಕಾಲ್ಗೆ ಬಿದ್ದು ಎದ್ದು ಬಾ. ಬಾಯ್ ಬಿಡಬ್ಯಾಡ. ಉಂಡ್ರೆ ಎಲ್ಲಾ ಸರಿಹೋಯ್ತದೆ.”

ಎಂಥ ಸುಲಭ ಉಪಾಯ! ಅಷ್ಟನ್ನೇ ಮಾಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ಹಾಸನಕ್ಕೆ ಮರಳಿದಾಗ ಶಿವಣ್ಣ ಕಾದಿದ್ದ. ಊರಿಗೆ ಹೊರಡುವ ಮೊದಲೇ ಸಮ್ಮೇಳನದ ವರದಿಯನ್ನು ನಾನೇ ಬರೆದು ಬಾಗಿಲಿಗೆ ಅಂಟಿಸಿದ್ದೆ. ಅದರಲ್ಲಿ ನನ್ನ ವಂದನಾರ್ಪಣೆಯನ್ನು ಒಂದು ಅಕ್ಷರ ಬಿಡದೆ ಪ್ರಕಟಿಸಿದ್ದೆ. ಅಲ್ಲಿಯೂ ಕರೆಂಟಿನ ಹೆಸರಿತ್ತು, ಎಳನೀರಿನ ಹೆಸರಿತ್ತು, ಪಟೇಲರ ಹೆಸರಿರಲಿಲ್ಲ.

“ಬಾಯಲ್ಲಿ ಬುಟ್ಟಿದ್ದಲ್ದೆ ಬರ್ದೂ ಬುಟ್ಟಿದ್ದೀಯ ಕಣೋ,” ಎಂದ ಶಿವಣ್ಣ.

ಮೈಸೂರಿನ ಸಂಪಾದಕರ ಮಾತು ನೆನಪಾಗಿ ಮೈಯೆಲ್ಲ ಬಿಸಿಯಾಯಿತು. ಎಲ್ಲಿ ತಪ್ಪಾಯಿತೋ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ! ಸುಮ್ಮನೆ ಹೋಗಿ ಉಂಡು ಬರುವುದು ಮಾವನ ಧರ್ಮ ಇರಬಹುದು, ಪತ್ರಿಕಾಧರ್ಮ ಅಲ್ಲ. ಆ ರಾತ್ರಿಯೇ ಕೆಂಪು ಮಸಿಯಲ್ಲಿ ಬರೆದೆ.

“ತಿದ್ದುಪಡಿ. ಸಮ್ಮೇಳನದಲ್ಲಿ ಎಳನೀರು ದಯಪಾಲಿಸಿದ ಪಟೇಲ್ ಶ್ರೀ ಬೋರೇಗೌಡರ ಹೆಸರನ್ನು ಕೈಬಿಟ್ಟು, ಎಳನೀರಿಗೆ ಮಾತ್ರ ವಂದನೆ ಸಲ್ಲಿಸಲಾಯಿತು. ಶ್ರೀಯುತರು ವಂದನೆ ನಿರೀಕ್ಷಿಸಿ ಕುರ್ಚಿಯಿಂದ ಅರ್ಧ ಎದ್ದಿದ್ದನ್ನು ಭಾಷಣಕಾರರು ಗಮನಿಸಲಿಲ್ಲ. ಇದರಿಂದ ಸಾರ್ವಜನಿಕರ ಎದುರಿನಲ್ಲಿ ಶ್ರೀಯುತರಿಗೆ ಆದ ಘೋರ ಅವಮಾನಕ್ಕೆ ಸಂಪಾದಕ ಮಂಡಳಿಯು ಅತೀವವಾಗಿ ವಿಷಾದಿಸುತ್ತದೆ.”

ಓದಿ ಶಿವಣ್ಣನ ಕಣ್ಣು ತುಂಬಿತು. ನನ್ನ ಕಣ್ಣೂ ತುಂಬಿತು. ಚೆನ್ನಾಗಿ ಗಂಜಿ ಬಳಿದು ಬಾಗಿಲಿಗೆ ಅಂಟಿಸಿದೆವು. ಆಮೇಲೆ ಇದನ್ನು ಪಟೇಲರು ಓದುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಕಿತ್ತರೆ ಹರಿಯುತ್ತದೆ. ಇನ್ನೊಂದು ಪ್ರತಿ ಬರೆದುಕೊಂಡು ಹೋದರೆ ಅದು ಪ್ರಕಟಣೆ ಆಗುವುದಿಲ್ಲ, ಖಾಸಗಿ ಚೀಟಿ ಆಗುತ್ತದೆ. ಹಾಗಾಗಿ ಪತ್ರಿಕೆಯನ್ನೇ ತೆಗೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ. ಪತ್ರಿಕೆ ಎಂದರೆ ಬಾಗಿಲು!

ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರು ಬಾಗಿಲನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದ.

“ಏನ್ ಸ್ವಾಮಿ ಇದು?”

“ಪತ್ರಿಕೆ.”

“ನಮ್ಮನೇಲೂ ಐತೆ ಇಂಥಾ ಪತ್ರಿಕೆ, ಚಿಲಕ ಆಕ್ತೀವಿ,” ಎಂದು ಟಾಪಿಗೆ ಹಾಕಿಸಿದ.

ಚನ್ನರಾಯಪಟ್ಟಣದಲ್ಲಿ ಇಳಿದು, ಸಿಂಬಿ ಇಟ್ಟುಕೊಂಡು, ಬಾಗಿಲನ್ನು ತಲೆಯ ಮೇಲೆ ಹೊತ್ತು ಪಟೇಲರ ಹಳ್ಳಿಗೆ ನಡೆದೆ. ಕೆಂಪು ಮಸಿ ಬೆವರಿಗೆ ಹಣೆಯ ಮೇಲೆ ಇಳಿಯದಿರಲೆಂದು ಬರಹದ ಕಡೆಯನ್ನು ಮೇಲೆ ಮಾಡಿಕೊಂಡಿದ್ದೆ. ದಾರಿಯಲ್ಲಿ ಸಿಕ್ಕವರೆಲ್ಲ ಮಾತಾಡಿಸಿದರು. “ಮಾರಾಕೇನ್ಲಾ ಬಾಗ್ಲು?” ಎಂದರು ಒಬ್ಬರು. “ಯಾರ್ ಮನೇದು ಕಿತ್ಕಂಡ್ ಬಂದ್ಯಪ್ಪ?” ಎಂದರು ಇನ್ನೊಬ್ಬರು. ಒಬ್ಬ ಅಜ್ಜಿ ಮಾತ್ರ “ಪಾಪ, ಕದಾನೂ ಓತ್ಕಂಡ್ ಮನೆ ಬುಟ್ಟು ಬಂದವ್ನೆ, ಏನ್ ಕಷ್ಟವೋ,” ಎಂದು ಮರುಗಿ ಮಜ್ಜಿಗೆ ಕೊಟ್ಟಳು.

ಪಟೇಲರು ತೋಟಕ್ಕೆ ಹೋಗಿದ್ದರು. ಅವರ ಹೆಂಡತಿ ದೊಡ್ಡವ್ವ ನನ್ನನ್ನು ಕಂಡು ಕೈಕಾಲಿಗೆ ನೀರು ಕೊಟ್ಟು ಕರೆದರು.

“ಬಾ ಮಗ, ಬಿಸ್ಲಲ್ಲಿ ಬಂದಿದ್ದೀಯ. ಮದ್ಲು ಉಂಡ್ಕ.”

“ಮೊದಲು ಕರ್ತವ್ಯ ದೊಡ್ಡವ್ವ, ಆಮೇಲೆ ಊಟ,” ಎಂದು ಬಾಗಿಲನ್ನು ಜಗಲಿಯ ಕಂಬಕ್ಕೆ, ಬೀದಿಗೆ ಚೆನ್ನಾಗಿ ಕಾಣುವ ಹಾಗೆ ಒರಗಿಸಿದೆ.

ಹಳ್ಳಿಯಲ್ಲಿ ಒಂದು ಬಾಗಿಲಿಗೆ ಇಷ್ಟು ಜನ ಸೇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಬೀದಿ ತುಂಬಿತು. ಎದುರು ಮನೆಯ ಶ್ಯಾನುಭೋಗರು ಕನ್ನಡಕ ಏರಿಸಿ, ಓದು ಬಾರದವರಿಗೂ ತಿಳಿಯಲೆಂದು, ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರು. ‘ಘೋರ ಅವಮಾನ’ ಎಂಬಲ್ಲಿ ಜನ “ಅಯ್ಯಯ್ಯೋ” ಎಂದರು. ಅದನ್ನು ಕೇಳಿ ಅವರು ಮತ್ತೊಮ್ಮೆ ಓದಿದರು. ಅಷ್ಟರಲ್ಲಿ ತೋಟದ ಕಡೆಯಿಂದ ಪಟೇಲರು ಬಂದರು.

“ಏನ್ರಪ್ಪ ಇದು ಗುಂಪು?”

“ಗೌಡ್ರೆ, ಆಸನ್ದಾಗೆ ನಿಮ್ಗೆ ಅವಮಾನ ಆಯ್ತಂತಲ್ಲ!” ಎಂದ ಒಬ್ಬ. “ಮೈಸೂರ್ನೋರು ಆರ ಆಕಿದ್ರು ಅಂತ ಏಳಿದ್ರಿ?”

“ಅರ್ಧ ಎದ್ದಿದ್ರಂತೆ, ಆಮ್ಯಾಕೆ ಕೂತ್ಕಂಡ್ರಂತಾ ಎಂಗೆ? ಬರ್ದಿಲ್ಲ,” ಎಂದ ಇನ್ನೊಬ್ಬ.

ನನಗೆ ಆಗ ಗೊತ್ತಾಯಿತು. ನಮ್ಮ ಕಡೆಯಿಂದ ಕೇಳಲು ಹೋದವರಿಗೆ ಬಿಟ್ಟರೆ, ಪಟೇಲರು ತಮ್ಮ ಊರಿನಲ್ಲಿ ಈ ವಿಷಯ ಒಬ್ಬರಿಗೂ ಹೇಳಿರಲಿಲ್ಲ. ಮರ್ಯಾದೆಯಿಂದ ನುಂಗಿಕೊಂಡು, ಹಾರ ಹಾಕಿದರೆಂದು ಒಂದು ಮಾತು ಸೇರಿಸಿ ಸುಮ್ಮನಾಗಿದ್ದರು. ನಾನು ಆ ಅವಮಾನವನ್ನು ಹಾಸನದಿಂದ ತಲೆಯ ಮೇಲೆ ಹೊತ್ತು ತಂದು, ಅವರ ಮನೆಯ ಕಂಬಕ್ಕೇ ಒರಗಿಸಿ, ಊರಿಗೆಲ್ಲ ಕೆಂಪು ಮಸಿಯಲ್ಲಿ ತಿಳಿಸಿದ್ದೆ!

ಪಟೇಲರ ಮುಖ ಕಪ್ಪಿಟ್ಟಿತು. “ನಿಮ್ಮಪ್ಪನ್ಗೆ ಏಳು…” ಎಂದು ಶುರುಮಾಡಿದರು. ಆ ವಾಕ್ಯ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಪಂಚೆ ಹಿಂಡುತ್ತಿದ್ದ ಅಕ್ಕನ ಕೈ ಕಣ್ಣಿಗೆ ಕಟ್ಟಿತು. ಗುಂಪಿನ ಹಿಂದೆ ಸೈಕಲ್ ಹಿಡಿದು ನಿಂತಿದ್ದ ಕೃಷ್ಣೇಗೌಡ ಮೇಷ್ಟ್ರು ತಲೆ ತಗ್ಗಿಸಿದರು.

ಆಗ ಒಳಗಿನಿಂದ ದೊಡ್ಡವ್ವ ಬಂದರು, ಕೈಯಲ್ಲಿ ಸಾರಿನ ಸೌಟು.

“ಯಾವ್ ಎಳ್ನೀರು ಅದು? ವಕೀಲ್ರಿಗೆ ಅಂತ ತಗಂಡೋದ್ರಲ್ಲ, ಅವಾ?”

“ಊಂ, ಅವೇಯ,” ಎಂದರು ಪಟೇಲರು.

“ಬಾವಿ ತಾವಿರೋ ಮರದವು?”

“ಊಂ.”

“ಆ ಸಸಿ ನಮ್ಮವ್ವ ನನ್ ಜೊತೆ ಕಳ್ಸಿದ್ದು. ನಾನು ಬಿಂದಿಗೇಲಿ ನೀರೊತ್ತು ಬೆಳ್ಸಿದ್ದು. ಇಷ್ಟ್ ಕಾಲದಿಂದ ಕುಡೀತಾ ಇದ್ದೀರಲ್ಲ, ಒಂದಿನ ಏಳಿದ್ದೀರಾ ನಂಗೆ? ನಾನೇನ್ ತವರ್ಗೆ ಎದ್ದೋದ್ನಾ? ನೋಡಾನ ಅಂದ್ನಾ?”

ಹೆಂಗಸರ ಕಡೆಯಿಂದ ಒಂದು ನಗು ಹೊರಟಿತು, ಅದು ಗಂಡಸರಿಗೂ ಹತ್ತಿಕೊಂಡಿತು. ಪಟೇಲರು ಸೌಟನ್ನು ನೋಡಿದರು, ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಮೀಸೆಯ ಕೊನೆ ಅಲುಗಿತು.

“ಮದ್ಲು ಆ ಕದಾನ ಒಳೀಕ್ ತಗಂಡೋಗ್ರೋ,” ಎಂದರು. “ಇವ್ನಿಗೆ ಎಲೆ ಆಕು.”

ಅಂದು ನಾನು ಬಾಯಿ ಬಿಡದೆ ಉಂಡೆ. ದೊಡ್ಡವ್ವ ಇಕ್ಕಿದ ಮುದ್ದೆಗೂ ಹುರುಳಿಸಾರಿಗೂ ಬೇಡವೆನ್ನಲಿಲ್ಲ. ಕೃಷ್ಣೇಗೌಡ ಮೇಷ್ಟ್ರು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು. “ನಿಮ್ಮ ಪತ್ರಿಕೆಯನ್ನು ಅವರೂ ಓದ್ತಾರಾ?” ಯಾರು ‘ಅವರು’ ಎಂದು ನಾನು ಕೇಳಲಿಲ್ಲ. ಬಾಯಿ ತುಂಬ ಮುದ್ದೆ ಇದ್ದದ್ದು ಒಳ್ಳೆಯದೇ ಆಯಿತು. ಕೈ ತೊಳೆದ ಮೇಲೆ ಪಟೇಲರು ಹೇಳಿದರು.

“ಸುಗ್ಗಿಗಂಟ ಯಾಕೆ? ಬರೋ ವಾರ ವೀಳ್ಯ ತಗಂಡ್ ಬತ್ತೀವಿ ಅಂತ ಏಳು. ಒಂದ್ ಕರಾರು. ಮದ್ವೆ ಮುಗ್ಯೋಗಂಟ ನೀನು ಯಾರ್ಗೂ ಏನೂ ಏಳಂಗಿಲ್ಲ, ಬರಿಯಂಗೂ ಇಲ್ಲ!”

ಬಾಗಿಲನ್ನು ದೊಡ್ಡವ್ವ ಮರಳಿ ಕೊಡಲಿಲ್ಲ. ಅವರ ಹಿತ್ತಲ ಬಚ್ಚಲಿಗೆ ಬಹಳ ದಿನದಿಂದ ಕದ ಬೇಕಾಗಿತ್ತಂತೆ. ಹೀಗೆ ‘ಹೆಬ್ಬಾಗಿಲು’ ನಿಂತುಹೋಯಿತು. ನಮ್ಮ ಓದುಗರಿಂದ ಒಂದು ವಿಷಾದದ ಮಾತೂ ಬರಲಿಲ್ಲ.

ಮದುವೆ ನಮ್ಮ ಊರಿನಲ್ಲೇ ಆಯಿತು. ಕರಾರಿನಂತೆ ನಾನು ಬಾಯಿ ಕಟ್ಟಿಕೊಂಡು ನೀರು ಹೊತ್ತೆ, ಎಲೆ ಹಾಕಿದೆ, ಚಪ್ಪರದ ಗಳು ಹಿಡಿದೆ. ಬಂದವರು “ಏನಪ್ಪ ರಂಗ, ಗಂಟ್ಲು ಕಟ್ಟೈತಾ?” ಎಂದು ವಿಚಾರಿಸಿದರು. ಹೆಣ್ಣನ್ನು ಕಳಿಸಿಕೊಡುವ ಹೊತ್ತು ಬಂತು. ಗಂಡಿನ ಕಡೆಯವರ ಬಸ್ಸು ಆಲದ ಮರದ ಹತ್ತಿರ ನಿಂತಿತ್ತು. ಅಕ್ಕ ಅಪ್ಪನ ಕಾಲಿಗೆ ಬಿದ್ದಳು, ಅವ್ವನನ್ನು ತಬ್ಬಿಕೊಂಡಳು. ಆಮೇಲೆ ನನ್ನ ಮುಂದೆ ಬಂದು ನಿಂತಳು.

“ಆಸ್ಟೆಲ್ನಾಗೆ ಸರ್ಯಾಗಿ ಉಣ್ಣು ಕಣ್ಲಾ,” ಎಂದಳು. “ಈಗ್ಲಾದ್ರೂ ಒಂದ್ ಮಾತಾಡು.”

ಹೇಳಬೇಕಾದ್ದು ಬೇಕಾದಷ್ಟಿತ್ತು. ನನಗೆ ಅಕ್ಷರ ತಿದ್ದಿಸಿದವಳು ಅವಳು. ನನ್ನ ಪಾಲಿನ ಕೆಲಸವನ್ನೆಲ್ಲ ಮಾಡಿ ನನ್ನನ್ನು ಓದಲು ಕೂರಿಸಿದವಳು ಅವಳು. ಇದ್ದಬದ್ದವರಿಗೆಲ್ಲ ವಂದನೆ ಹೇಳಿದ್ದ ಬಾಯಿಂದ ಅಂದು ಒಂದು ಅಕ್ಷರ ಹೊರಡಲಿಲ್ಲ. ಹೋ ಎಂದು ಅತ್ತುಬಿಟ್ಟೆ! ಅಕ್ಕನೂ ಅತ್ತಳು. ಬಸ್ಸಿನೊಳಗೆ ಕೂತಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ನನಗೆ ನಾಚಿಕೆಯೂ ಆಗಲಿಲ್ಲ.

ಪಟೇಲ್ ಬೋರೇಗೌಡರು ಬಂದು ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಕೈಗೆ ಕೊಟ್ಟರು. “ಇವತ್ತು ಸರ್ಯಾಗಿ ಏಳ್ದೆ ಕಣ್ ಮಗ,” ಎಂದು ಬೆನ್ನು ಸವರಿದರು.

ಆ ಮಾತಿಗೆ ನನ್ನ ಎದೆ ತುಂಬಿಬಂತು. ಮೂಗು ಒರೆಸಿಕೊಂಡು, ನೆಟ್ಟಗೆ ನಿಂತು, ಕೈಜೋಡಿಸಿ, “ಮಾನ್ಯ ದೊಡ್ಡಪ್ಪನವರೇ, ಈ ಶುಭ ಸಂದರ್ಭದಲ್ಲಿ ಟವೆಲ್ಲು ಒದಗಿಸಿದ ತಮಗೆ ನನ್ನ ಹೃತ್ಪೂರ್ವಕ…” ಎಂದು ಪ್ರಾರಂಭಿಸಿದೆ.

ಪಟೇಲರು ಟವೆಲ್ಲನ್ನು ಕಿತ್ತುಕೊಂಡು, ತಿರುಗಿ ನೋಡದೆ, ಬಸ್ಸು ಹತ್ತಿಬಿಟ್ಟರು.